ವಿಮಾನಶಿಲ್ಪಿ ಘಾಟಗೆ

ಜಗಳೂರು ತಾಲ್ಲೂಕಿನ ಸೊಕ್ಕೆ ಮಳೆಯನ್ನೇ ನಂಬಿದ ಬಯಲುಸೀಮೆಯ ಊರು. ಅಲ್ಲಿ ಮರಗಳು ವಿರಳ, ಆಕಾಶ ವಿಶಾಲ. ದೂರದಲ್ಲಿ ವಿಮಾನದ ಸದ್ದು ಕೇಳಿಸಿದರೆ ಸಾಕು, ಹೊಲದಲ್ಲಿ ಕಳೆ ತೆಗೆಯುವವರು ಸೊಂಟ ನೆಟ್ಟಗೆ ಮಾಡಿ ನಿಲ್ಲುತ್ತಾರೆ. ಮಕ್ಕಳು ಹುಬ್ಬಿನ ಮೇಲೆ ಅಂಗೈಯನ್ನಿಟ್ಟು ಮೇಲೆ ನೋಡುತ್ತಾರೆ. ಪಕ್ಕದ ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ ತಾಲ್ಲೂಕಿನಲ್ಲಿ ವಿಮಾನಗಳನ್ನು ಪರೀಕ್ಷಿಸುವುದಕ್ಕಾಗಿಯೇ ಒಂದು ದೊಡ್ಡ ಕ್ಷೇತ್ರವಿದೆ. ೨೦೧೭ರಲ್ಲಿ ಅದರ ಉದ್ಘಾಟನೆಯಾಯಿತು. ೨೦೨೨ರ ಜುಲೈ ತಿಂಗಳಲ್ಲಿ ಚಾಲಕನೇ ಇಲ್ಲದ ವಿಮಾನವೊಂದು ಅಲ್ಲಿ ತಾನಾಗಿಯೇ ನೆಲಬಿಟ್ಟು ಏರಿ, ಹಾರಾಡಿ, ತಾನಾಗಿಯೇ ಬಂದು ಇಳಿಯಿತು. ನಮ್ಮವರೇ ರೂಪಿಸಿದ ವಿಮಾನ ಅದು.

ಇಂದು ನಮಗೆ ಇದು ದೊಡ್ಡ ಸೋಜಿಗವೆಂದು ತೋರುವುದಿಲ್ಲ. ಆದರೆ ನಮ್ಮ ದೇಶದಲ್ಲಿ ಒಂದು ವಿಮಾನದ ನಕ್ಷೆಯನ್ನು ಬರೆದು, ಅದನ್ನು ಕಟ್ಟಿ, ಹಾರಿಸಬಲ್ಲವರು ಯಾರೂ ಇಲ್ಲವೆಂದು ಜಗತ್ತು ನಂಬಿದ್ದ ಕಾಲವೊಂದಿತ್ತು. ಆ ನಂಬಿಕೆಯನ್ನು ಸುಳ್ಳು ಮಾಡಿದ್ದು ಭಾರಿ ಯುದ್ಧವಿಮಾನವಲ್ಲ; ಇಬ್ಬರು ಕುಳಿತುಕೊಳ್ಳಬಹುದಾದ, ಒಂದೇ ಎಂಜಿನ್ನಿನ, ಪುಟ್ಟ ವಿಮಾನ. ಅದು ಬೆಂಗಳೂರಿನಲ್ಲಿ ಹುಟ್ಟಿತು. ಅದನ್ನು ರೂಪಿಸಿದ ತಂಡದ ನಾಯಕರು ಡಾ. ವಿಷ್ಣು ಮಾಧವ ಘಾಟಗೆಯವರು.

ಘಾಟಗೆಯವರು ೧೯೦೮ರ ಅಕ್ಟೋಬರ್ ೨೪ರಂದು ಕೊಲ್ಹಾಪುರ ಸೀಮೆಯ ಹಸೂರಿನಲ್ಲಿ ಜನಿಸಿದರು. ಅಮೆರಿಕದ ರೈಟ್ ಸಹೋದರರು ಮೊದಲ ಬಾರಿಗೆ ಎಂಜಿನ್ ಇರುವ ವಿಮಾನವನ್ನು ಹಾರಿಸಿ ಆಗ ಐದು ವರ್ಷಗಳಷ್ಟೇ ಕಳೆದಿದ್ದವು. ಹೀಗೆ ವಿಮಾನದ ವಯಸ್ಸೂ ಘಾಟಗೆಯವರ ವಯಸ್ಸೂ ಹೆಚ್ಚುಕಡಿಮೆ ಒಂದೇ ಎನ್ನಬಹುದು. ಮುಂಬಯಿಯಲ್ಲಿ ಉನ್ನತ ಶಿಕ್ಷಣವನ್ನು ಮುಗಿಸಿದ ಮೇಲೆ ಅವರು ಹೆಚ್ಚಿನ ವ್ಯಾಸಂಗಕ್ಕಾಗಿ ಜರ್ಮನಿಯ ಗಟಿಂಗೆನ್ ವಿಶ್ವವಿದ್ಯಾನಿಲಯಕ್ಕೆ ತೆರಳಿದರು.

ಗಟಿಂಗೆನ್ ಆಗ ವಾಯುಚಲನ ವಿಜ್ಞಾನದ ಕಾಶಿಯಾಗಿತ್ತು. ಅಲ್ಲಿ ಲುಡ್ವಿಗ್ ಪ್ರಾಂಟ್ಲ್ ಎಂಬ ಮಹಾ ವಿಜ್ಞಾನಿ ಇದ್ದರು. ಗಾಳಿಯು ರೆಕ್ಕೆಯ ಮೇಲೆ ಹೇಗೆ ಹರಿಯುತ್ತದೆ ಎಂಬುದನ್ನು ಗಣಿತದ ಹಿಡಿತಕ್ಕೆ ತಂದವರಲ್ಲಿ ಅವರು ಅಗ್ರಗಣ್ಯರು. ಕೆರೆಯ ತೂಬಿನಿಂದ ಹೊರಟ ಕಾಲುವೆಯನ್ನು ನೀವು ಗಮನಿಸಿರಬಹುದು. ಕಾಲುವೆಯ ನಡುವೆ ಬಿದ್ದ ಎಲೆ ಸರಸರನೆ ಸಾಗುತ್ತದೆ; ದಡದ ಅಂಚಿನಲ್ಲಿ ಬಿದ್ದ ಎಲೆ ತೆವಳುತ್ತ ಹೋಗುತ್ತದೆ. ದಡಕ್ಕೆ ತಾಗಿದ ನೀರನ್ನು ದಡ ಹಿಡಿದು ನಿಲ್ಲಿಸುತ್ತದೆ. ಹಾಗೆಯೇ ರೆಕ್ಕೆಯ ಮೈಗೆ ತಾಗಿದ ಗಾಳಿಯದೂ ಒಂದು ತೆಳುವಾದ, ನಿಧಾನವಾದ ಪದರ. ಇದಕ್ಕೆ ಗಡಿಪದರವೆಂದು ಹೆಸರು. ಈ ತೆಳುಪದರದ ಗುಣವನ್ನು ಪ್ರಾಂಟ್ಲ್ ಅವರು ೧೯೦೪ರಲ್ಲಿಯೇ ವಿವರಿಸಿದ್ದರು. ವಿಮಾನ ಎಷ್ಟು ಸಲೀಸಾಗಿ ಗಾಳಿಯನ್ನು ಸೀಳಿಕೊಂಡು ಹೋಗಬಲ್ಲದು, ಯಾವ ಗಳಿಗೆಯಲ್ಲಿ ರೆಕ್ಕೆಯು ತನ್ನ ಎತ್ತುವ ಶಕ್ತಿಯನ್ನು ಕಳೆದುಕೊಳ್ಳುತ್ತದೆ ಎಂಬುದೆಲ್ಲ ಈ ಪದರವನ್ನು ಅವಲಂಬಿಸಿದೆ. ಇಂಥ ಗುರುವಿನ ಮಾರ್ಗದರ್ಶನದಲ್ಲಿ ಘಾಟಗೆಯವರು ಅಧ್ಯಯನ ನಡೆಸಿ ೧೯೩೬ರಲ್ಲಿ ಡಾಕ್ಟರೇಟ್ ಪದವಿಯನ್ನು ಪಡೆದರು.

ವಿದ್ಯೆಯೇನೋ ಕೈಗೆ ಬಂದಿತು. ಆದರೆ ಅದನ್ನು ಬಳಸಲು ನೆಲವೆಲ್ಲಿ? ಭಾರತ ಆಗ ಪರಾಧೀನವಾಗಿತ್ತು. ನಮ್ಮ ಆಕಾಶದಲ್ಲಿ ಹಾರುತ್ತಿದ್ದ ವಿಮಾನಗಳೆಲ್ಲ ಹೊರಗಿನಿಂದ ಬಂದವು. ಇಲ್ಲಿ ವಿಮಾನ ಕಾರ್ಖಾನೆಯೂ ಇರಲಿಲ್ಲ, ವಿಮಾನಶಾಸ್ತ್ರವನ್ನು ಕಲಿಸುವ ವಿಭಾಗವೂ ಇರಲಿಲ್ಲ. ಕಮ್ಮಾರಿಕೆಯನ್ನು ಚೆನ್ನಾಗಿ ಕಲಿತು ಬಂದವನಿಗೆ ಊರಿನಲ್ಲಿ ಕುಲುಮೆಯೇ ಇಲ್ಲದಂತಹ ಸ್ಥಿತಿ ಅದು.

ಆ ಕುಲುಮೆ ಹೊತ್ತಿಕೊಂಡದ್ದು ಎರಡನೆಯ ಮಹಾಯುದ್ಧದ ದಿನಗಳಲ್ಲಿ. ಉದ್ಯಮಿ ವಾಲ್‌ಚಂದ್ ಹೀರಾಚಂದರು ಭಾರತದಲ್ಲಿ ವಿಮಾನ ಕಾರ್ಖಾನೆಯನ್ನು ಸ್ಥಾಪಿಸಬೇಕೆಂದು ಹೊರಟಾಗ ಮೈಸೂರು ಸಂಸ್ಥಾನವು ಅವರಿಗೆ ಆಸರೆಯಾಗಿ ನಿಂತಿತು. ದಿವಾನರಾದ ಸರ್ ಮಿರ್ಜಾ ಇಸ್ಮಾಯಿಲ್ ಅವರ ಕಾಲದಲ್ಲಿ ಸಂಸ್ಥಾನವು ಬೆಂಗಳೂರಿನ ಹೊರವಲಯದಲ್ಲಿ ಸುಮಾರು ೭೦೦ ಎಕರೆ ಭೂಮಿಯನ್ನು ಕೊಟ್ಟಿತು; ಬಂಡವಾಳದಲ್ಲಿಯೂ ಪಾಲುಗೊಂಡಿತು. ೧೯೪೦ರ ಡಿಸೆಂಬರ್ ೨೩ರಂದು ಹಿಂದೂಸ್ಥಾನ್ ಏರ್‌ಕ್ರಾಫ್ಟ್ ಸಂಸ್ಥೆ ಹುಟ್ಟಿತು. ಅಮೆರಿಕದಿಂದ ಯಂತ್ರಗಳೂ ತಜ್ಞರೂ ಬಂದರು. ೧೯೪೧ರ ಆಗಸ್ಟಿನಲ್ಲಿ ಹಾರ್ಲೋ ಎಂಬ ಅಮೆರಿಕದ ತರಬೇತಿ ವಿಮಾನವನ್ನು ಇಲ್ಲಿ ಜೋಡಿಸಿ ಹಾರಿಸಿದರು. ೧೯೪೨ರ ಜುಲೈಯಲ್ಲಿ ಹಾಕ್ ಎಂಬ ಯುದ್ಧವಿಮಾನ ಸಿದ್ಧವಾಯಿತು. ಆದರೆ ಇವುಗಳ ನಕ್ಷೆಗಳು ಪರದೇಶದವು. ನಮ್ಮ ಕೆಲಸಗಾರರ ಪಾಲಿಗೆ ಉಳಿದದ್ದು ಜೋಡಿಸುವ ಕೆಲಸ.

ಕಾರ್ಖಾನೆಯ ಆರಂಭದ ಆ ವರ್ಷಗಳಲ್ಲಿಯೇ ಘಾಟಗೆಯವರು ಅಲ್ಲಿಗೆ ಬಂದು ಸೇರಿದರು. ಯುದ್ಧದ ಗದ್ದಲದ ನಡುವೆಯೂ ಅವರು ಹತ್ತು ಜನರನ್ನು ಹೊರಬಲ್ಲ ಗ್ಲೈಡರ್ ಒಂದನ್ನು ರೂಪಿಸಿದರು. ಗ್ಲೈಡರ್ ಎಂದರೆ ಎಂಜಿನ್ ಇಲ್ಲದ ವಿಮಾನ. ಅದನ್ನು ಮತ್ತೊಂದು ವಿಮಾನ ಎಳೆದೊಯ್ದು ಬಿಟ್ಟರೆ, ಹದ್ದು ರೆಕ್ಕೆ ಬಡಿಯದೆ ತೇಲುವಂತೆ ಅದು ಗಾಳಿಯ ಮೇಲೆ ತೇಲುತ್ತ ಇಳಿಯುತ್ತದೆ. ಈ ಗ್ಲೈಡರ್ ಒಂದೇ ಒಂದು ತಯಾರಾಯಿತು. ಆದರೂ ಭಾರತೀಯನೊಬ್ಬ ಬರೆದ ನಕ್ಷೆಯಿಂದ ಆ ಕಾರ್ಖಾನೆಯಲ್ಲಿ ಒಂದು ರೆಕ್ಕೆ ಮೂಡಿತು ಎಂಬುದು ಸಣ್ಣ ಸಂಗತಿಯಲ್ಲ.

ಅದೇ ಸಮಯದಲ್ಲಿ ಅವರು ಇನ್ನೊಂದು ಬೀಜವನ್ನೂ ಬಿತ್ತಿದರು. ೧೯೪೨ರ ಡಿಸೆಂಬರಿನಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ವಿಮಾನಶಾಸ್ತ್ರದ ವಿಭಾಗ ಆರಂಭವಾಯಿತು. ಅದರ ಮೊದಲ ಹೊಣೆಯನ್ನು ಹೊತ್ತವರು ಘಾಟಗೆಯವರು. ಒಬ್ಬನೇ ಪಂಡಿತನಿಂದ ವಿಮಾನ ಆಗುವುದಿಲ್ಲ. ಲೆಕ್ಕ ಹಾಕುವವರು, ನಕ್ಷೆ ಬರೆಯುವವರು, ಲೋಹದ ಬಲವನ್ನು ಅಳೆಯುವವರು, ಗಾಳಿಸುರಂಗದಲ್ಲಿ ಮಾದರಿಯನ್ನು ಪರೀಕ್ಷಿಸುವವರು ಹೀಗೆ ನೂರಾರು ಕೈಗಳು ಬೇಕು. ಆ ಕೈಗಳನ್ನು ಮೊದಲು ತಯಾರು ಮಾಡಬೇಕು. ಪ್ರಾಂಟ್ಲ್ ಅವರ ಶಿಷ್ಯ ಹೀಗೆ ತಾನೂ ಗುರುವಾಗಿ ನಿಂತರು. ಮುಂದೆ ಡಾ. ಸತೀಶ್ ಧವನ್ ಅವರಂಥವರು ಅದೇ ವಿಭಾಗದಲ್ಲಿ ಅಧ್ಯಾಪಕರಾಗಿ ಬಂದು ಅದನ್ನು ಇನ್ನಷ್ಟು ಬೆಳಗಿಸಿದರು.

ಯುದ್ಧದ ಉಳಿದ ವರ್ಷಗಳಲ್ಲಿ ಕಾರ್ಖಾನೆಯು ಪ್ರಧಾನವಾಗಿ ದುರಸ್ತಿಯ ಕೆಲಸಕ್ಕೆ ಮೀಸಲಾಯಿತು. ಬೆಳ್ಳಂದೂರು ಕೆರೆಯ ನೀರಿನ ಮೇಲೆ ಕ್ಯಾಟಲಿನಾ ಎಂಬ ಜಲವಿಮಾನಗಳು ಬಂದಿಳಿಯುತ್ತಿದ್ದವು. ಸಾವಿರಾರು ಕೆಲಸಗಾರರು ಹಗಲಿರುಳೆನ್ನದೆ ದುಡಿದರು. ದುರಸ್ತಿಯೂ ಒಂದು ಪಾಠಶಾಲೆಯೇ. ಬಿಚ್ಚಿ ಜೋಡಿಸಿದಷ್ಟೂ ಯಂತ್ರದ ಮರ್ಮ ತಿಳಿಯುತ್ತದೆ. ಆದರೆ ೧೯೪೫ರಲ್ಲಿ ಯುದ್ಧ ಮುಗಿಯಿತು. ಪರದೇಶದ ವಿಮಾನಗಳು ಹೊರಟುಹೋದವು. ಕಾರ್ಖಾನೆ ಬಿಕೋ ಎನ್ನತೊಡಗಿತು. ಕೈಗಳಿಗೆ ಕೆಲಸ ಬೇಕಲ್ಲ! ವಿಮಾನದ ತಗಡು ಬಡಿದ ಕೈಗಳು ರೈಲುಡಬ್ಬಿಗಳನ್ನೂ ಬಸ್ಸಿನ ಒಡಲುಗಳನ್ನೂ ಮಾಡಲು ತೊಡಗಿದವು.

ದೇಶ ಸ್ವತಂತ್ರವಾದ ಮೇಲೆ ನಡೆದ ಒಂದು ಸಾಹಸವನ್ನು ಇಲ್ಲಿ ನೆನೆಯಬೇಕು. ಯುದ್ಧ ಮುಗಿದಾಗ ಕಾನ್‌ಪುರದ ನಿಲ್ದಾಣದಲ್ಲಿ ಲಿಬರೇಟರ್ ಎಂಬ ದೊಡ್ಡ ಬಾಂಬರ್ ವಿಮಾನಗಳನ್ನು ಮತ್ತೆ ಹಾರದಂತೆ ಕೆಡಿಸಿ ಬಿಟ್ಟುಹೋಗಿದ್ದರು. ಬೆಂಗಳೂರಿನ ಕಾರ್ಖಾನೆಯವರು ಆ ಗುಜರಿಯನ್ನು ಹೇಗೋ ಹಾರುವಷ್ಟು ಸರಿಮಾಡಿದರು. ಕಾರ್ಖಾನೆಯ ಪರೀಕ್ಷಾ ಚಾಲಕರಾದ ಕ್ಯಾಪ್ಟನ್ ಜಮ್‌ಷೆಡ್ ಮುನ್ಷಿಯವರು ಅಂಥ ೪೦ಕ್ಕೂ ಹೆಚ್ಚು ವಿಮಾನಗಳನ್ನು ಒಂದೊಂದಾಗಿ ಬೆಂಗಳೂರಿಗೆ ಹಾರಿಸಿಕೊಂಡು ಬಂದರು. ಅವುಗಳನ್ನು ಮತ್ತೆ ಹೊಸದರಂತೆ ಮಾಡಿ ವಾಯುಪಡೆಗೆ ಒಪ್ಪಿಸಲಾಯಿತು. ಈ ಕೆಲಸದಿಂದ ಕಾರ್ಖಾನೆಯ ಕೈಚಳಕ ಜಗತ್ತಿಗೆ ತಿಳಿಯಿತು.

ಆದರೆ ಇಲ್ಲೊಂದು ಪ್ರಶ್ನೆ ಎದ್ದು ನಿಂತಿತ್ತು. ಇತರರು ಮಾಡಿದ್ದನ್ನು ರಿಪೇರಿ ಮಾಡಬಲ್ಲ ಈ ಕೈಗಳು ತಾವೇ ಒಂದು ವಿಮಾನವನ್ನು ಮಾಡಬಲ್ಲವೆ? ಮಾಡಲಾಗದಿದ್ದರೆ ಈ ಕಾರ್ಖಾನೆ ಎಂದೆಂದಿಗೂ ಒಂದು ದೊಡ್ಡ ರಿಪೇರಿ ಅಂಗಡಿಯಾಗಿಯೇ ಉಳಿಯಬೇಕಾಗುತ್ತಿತ್ತು. ಆಗತಾನೆ ಸ್ವತಂತ್ರವಾದ ದೇಶ ತನ್ನ ರಕ್ಷಣೆಗಾಗಿ ಸದಾ ಪರರ ಬಾಗಿಲನ್ನು ಕಾಯಬೇಕಾಗುತ್ತಿತ್ತು. ಘಾಟಗೆಯವರ ಮುಂದಿದ್ದ ಪಣ ಇದು.

ಉತ್ತರ ಕೊಡುವ ಅವಕಾಶ ೧೯೪೮ರಲ್ಲಿ ದೊರೆಯಿತು. ವಾಯುಪಡೆಗೆ ಬೇಕಾದ ಪ್ರಾಥಮಿಕ ತರಬೇತಿ ವಿಮಾನವನ್ನು ಇಲ್ಲಿಯೇ ರೂಪಿಸಲು ಸರ್ಕಾರ ಒಪ್ಪಿಗೆ ನೀಡಿತು. ಅದಕ್ಕೆ ಇಟ್ಟ ಹೆಸರು ಎಚ್.ಟಿ.-೨. ಮೊದಲ ಹೆಜ್ಜೆಗೆ ಇಂಥ ಪುಟ್ಟ ವಿಮಾನವನ್ನು ಆರಿಸಿಕೊಂಡದ್ದರಲ್ಲಿ ವಿವೇಕವಿತ್ತು. ಅಕ್ಷರ ಕಲಿಯುವ ಮಗು ಮೊದಲು ಅ, ಆ ಬರೆಯುತ್ತದೆಯೇ ಹೊರತು ಮಹಾಕಾವ್ಯಕ್ಕೆ ಕೈ ಹಾಕುವುದಿಲ್ಲ. ಚಿಕ್ಕ ವಿಮಾನಕ್ಕೂ ದೊಡ್ಡ ವಿಮಾನಕ್ಕೂ ಮೂಲತತ್ತ್ವಗಳು ಒಂದೇ. ಚಿಕ್ಕದರಲ್ಲಿ ತಪ್ಪಿದರೆ ತಿದ್ದಿಕೊಳ್ಳಲು ಸಾಧ್ಯ; ದೊಡ್ಡದರಲ್ಲಿ ತಪ್ಪಿದರೆ ದೇಶದ ಬೊಕ್ಕಸವೇ ಬರಿದಾದೀತು.

ಹಾಗೆಂದು ತರಬೇತಿ ವಿಮಾನವನ್ನು ರೂಪಿಸುವುದು ಸುಲಭದ ಮಾತೆಂದು ತಿಳಿಯಬಾರದು. ಅದನ್ನು ನಡೆಸುವವನು ಇನ್ನೂ ಕಲಿಯುವವನು. ಅವನು ನೆಲಕ್ಕೆ ಇಳಿಯುವಾಗ ವಿಮಾನವನ್ನು ಧೊಪ್ಪನೆ ಕುಕ್ಕುತ್ತಾನೆ. ಚಕ್ರದ ಕಾಲುಗಳು ಮುರಿಯಬಾರದು. ಏರುವ ಆತುರದಲ್ಲಿ ಮೂತಿಯನ್ನು ಅತಿಯಾಗಿ ಮೇಲೆತ್ತುತ್ತಾನೆ. ವೇಗ ಕುಂದಿ, ರೆಕ್ಕೆಯ ಎತ್ತುವ ಶಕ್ತಿ ಕುಸಿದು, ವಿಮಾನ ಬುಗುರಿಯಂತೆ ಗಿರಗಿರನೆ ಸುತ್ತುತ್ತ ಕೆಳಕ್ಕೆ ಇಳಿಯತೊಡಗುತ್ತದೆ. ಆಗ ಚಾಲಕನು ಸರಿಯಾದ ಕ್ರಮವನ್ನು ಕೈಗೊಂಡ ಕೂಡಲೇ ವಿಮಾನ ಅವನ ಮಾತನ್ನು ಕೇಳಬೇಕು. ಇಷ್ಟಾದರೂ ಅದು ಅತಿ ಸಾಧುವೂ ಆಗಿರಬಾರದು. ಯಾವ ತಪ್ಪನ್ನೂ ತೋರಿಸಿಕೊಡದ ವಿಮಾನದಲ್ಲಿ ಕಲಿತವನು ಮುಂದೆ ಯುದ್ಧವಿಮಾನವನ್ನೇರಿದಾಗ ಪ್ರಾಣವನ್ನೇ ಕಳೆದುಕೊಂಡಾನು. ಒಳ್ಳೆಯ ಉಪಾಧ್ಯಾಯನಂತೆ ತರಬೇತಿ ವಿಮಾನ ತಪ್ಪನ್ನು ತೋರಿಸಬೇಕು; ಆದರೆ ತಪ್ಪಿಗೆ ಪ್ರಾಣದಂಡವನ್ನು ವಿಧಿಸಬಾರದು.

ಅಂದಿನ ವಾಯುಪಡೆಯಲ್ಲಿ ಟೈಗರ್ ಮಾತ್ ಎಂಬ ಬ್ರಿಟಿಷ್ ವಿಮಾನದಲ್ಲಿ ಹೊಸಬರು ಹಾರಲು ಕಲಿಯುತ್ತಿದ್ದರು. ಅದು ಒಂದರ ಮೇಲೊಂದು ಎರಡು ರೆಕ್ಕೆಗಳ, ಬಟ್ಟೆ ಹೊದಿಸಿದ, ಹಳೆಯ ಮಾದರಿಯ ವಿಮಾನ. ಘಾಟಗೆಯವರ ತಂಡ ಆ ದಾರಿಯನ್ನು ಹಿಡಿಯಲಿಲ್ಲ. ಎಚ್.ಟಿ.-೨ಕ್ಕೆ ಒಂದೇ ಜೊತೆ ರೆಕ್ಕೆ. ಅದೂ ಒಡಲಿನ ಕೆಳಭಾಗದಲ್ಲಿ. ಮೈಯೆಲ್ಲ ಲೋಹ. ಶಿಷ್ಯನೂ ಗುರುವೂ ಒಬ್ಬರ ಹಿಂದೆ ಒಬ್ಬರು ಕುಳಿತುಕೊಳ್ಳುವ ಏರ್ಪಾಡು. ರೆಕ್ಕೆಯ ಒಂದು ತುದಿಯಿಂದ ಇನ್ನೊಂದು ತುದಿಗೆ ಹತ್ತೂವರೆ ಮೀಟರಿಗಿಂತ ತುಸು ಹೆಚ್ಚು. ನಮ್ಮ ಶಾಲೆಯ ಒಂದು ದೊಡ್ಡ ಕೊಠಡಿಯ ಉದ್ದಕ್ಕಿಂತ ಸ್ವಲ್ಪವೇ ಹೆಚ್ಚು ಎಂದರೆ ಅದರ ಗಾತ್ರ ನಿಮ್ಮ ಕಣ್ಣಿಗೆ ಕಟ್ಟೀತು.

ವಿಮಾನದ ವಿನ್ಯಾಸದಲ್ಲಿ ತೂಕವೇ ಶತ್ರು. ಒಂದು ಭಾಗ ಗಟ್ಟಿಯಾಗಲೆಂದು ಲೋಹವನ್ನು ದಪ್ಪ ಮಾಡಿದರೆ ತೂಕ ಹೆಚ್ಚುತ್ತದೆ. ತೂಕ ಹೆಚ್ಚಿದರೆ ಅದನ್ನೆತ್ತಲು ದೊಡ್ಡ ರೆಕ್ಕೆ ಬೇಕು. ರೆಕ್ಕೆ ದೊಡ್ಡದಾದರೆ ಹೆಚ್ಚು ಬಲದ ಎಂಜಿನ್ ಬೇಕು, ಎಂಜಿನ್ನಿಗೆ ಹೆಚ್ಚು ಇಂಧನ ಬೇಕು, ಇಂಧನಕ್ಕೂ ತೂಕವುಂಟು. ಹೀಗೆ ಒಂದು ಸಣ್ಣ ಅಜಾಗರೂಕತೆ ಇಡೀ ವಿಮಾನವನ್ನೇ ಕೆಡಿಸಬಲ್ಲದು. ತೆಳುವಾಗಿಸಿದರೋ ಮುರಿಯುವ ಭಯ. ಈ ಎರಡರ ನಡುವಿನ ಕೂದಲೆಳೆಯ ದಾರಿಯಲ್ಲಿ ವಿನ್ಯಾಸಕ ನಡೆಯಬೇಕು. ಇಂದು ನಿಮಿಷದಲ್ಲಿ ಲೆಕ್ಕ ಮಾಡಿಕೊಡುವ ಕಂಪ್ಯೂಟರುಗಳಿವೆ. ಅಂದು ಕಾಗದ, ಪೆನ್ಸಿಲ್, ಲೆಕ್ಕದ ಜಾರುಪಟ್ಟಿ ಇವೇ ಸಾಧನಗಳು. ಒಂದೊಂದು ತಿರುಪಿನ, ಒಂದೊಂದು ಮೊಳೆಯ ತೂಕವೂ ಕಾಗದದ ಮೇಲೆ ಬರಬೇಕಾಗಿತ್ತು.

ಒಂದು ವಿಷಯವನ್ನು ಪ್ರಾಮಾಣಿಕವಾಗಿ ಹೇಳಬೇಕು. ಎಚ್.ಟಿ.-೨ರ ಎಂಜಿನ್ ನಮ್ಮದಾಗಿರಲಿಲ್ಲ. ಮೊದಲನೆಯ ಮಾದರಿಗೆ ೧೪೫ ಅಶ್ವಶಕ್ತಿಯ, ಎರಡನೆಯದಕ್ಕೆ ೧೫೫ ಅಶ್ವಶಕ್ತಿಯ ಬ್ರಿಟಿಷ್ ಎಂಜಿನ್ನುಗಳನ್ನು ತರಿಸಿ ಜೋಡಿಸಲಾಗಿತ್ತು. ಒಳ್ಳೆಯ ವಿಮಾನ ಎಂಜಿನ್ನನ್ನು ರೂಪಿಸುವುದು ವಿಮಾನವನ್ನು ರೂಪಿಸುವುದಕ್ಕಿಂತಲೂ ಕಠಿಣವಾದ ವಿದ್ಯೆ. ಎಲ್ಲವೂ ನಮ್ಮದಾಗುವವರೆಗೆ ಕಾಯುತ್ತ ಕುಳಿತಿದ್ದರೆ ಯಾವುದೂ ನಮ್ಮದಾಗುತ್ತಿರಲಿಲ್ಲ. ಆಗುವುದನ್ನು ಮೊದಲು ಮಾಡಿ ತೋರಿಸುವುದು ಘಾಟಗೆಯವರು ಹಿಡಿದ ಮಾರ್ಗವಾಗಿತ್ತು.

೧೯೫೧ರ ಆಗಸ್ಟ್ ತಿಂಗಳು. ಮೂರು ವರ್ಷಗಳ ದುಡಿಮೆಯ ಫಲವಾಗಿ ಮೊದಲ ವಿಮಾನ ಬೆಂಗಳೂರಿನ ನಿಲ್ದಾಣದಲ್ಲಿ ಸಿದ್ಧವಾಗಿ ನಿಂತಿತು. ಅದನ್ನು ಹಾರಿಸಲು ಹತ್ತಿದವರು ಕಾನ್‌ಪುರದ ಲಿಬರೇಟರುಗಳನ್ನು ತಂದ ಅದೇ ಕ್ಯಾಪ್ಟನ್ ಮುನ್ಷಿಯವರು. ಹೊಸ ವಿಮಾನದ ಮೊದಲ ಹಾರಾಟವೆಂದರೆ ವಿನ್ಯಾಸಕನಿಗೆ ಅಗ್ನಿಪರೀಕ್ಷೆ. ಕಾಗದದ ಮೇಲೆ ಮಾಡಿದ ಲೆಕ್ಕ ತಪ್ಪಾಗಿದ್ದರೆ ಅದರ ಬೆಲೆಯನ್ನು ತೆರುವವನು ಲೆಕ್ಕ ಮಾಡಿದವನಲ್ಲ, ವಿಮಾನದೊಳಗೆ ಕುಳಿತವನು. ಒಬ್ಬರ ಅಂಕಿಗಳನ್ನು ನಂಬಿ ಇನ್ನೊಬ್ಬರು ತಮ್ಮ ಪ್ರಾಣವನ್ನೇ ಒಡ್ಡುವ ಗಳಿಗೆ ಅದು. ವಿಮಾನ ಓಡಿತು, ಬಾಲವನ್ನೆತ್ತಿತು, ನೆಲವನ್ನು ಬಿಟ್ಟು ಏರಿತು. ಆಕಾಶದಲ್ಲಿ ಸುತ್ತಿ ಬಂದು ಕ್ಷೇಮವಾಗಿ ಇಳಿಯಿತು. ಭಾರತೀಯರು ರೂಪಿಸಿ ಭಾರತದಲ್ಲಿಯೇ ಕಟ್ಟಿದ ಎಂಜಿನ್ ವಿಮಾನವೊಂದು ತಯಾರಿಕೆಯ ಹಂತವನ್ನು ಮುಟ್ಟಿದ್ದು ಇದೇ ಮೊದಲು.

ಎರಡನೆಯ ಮಾದರಿ ೧೯೫೨ರ ಫೆಬ್ರವರಿಯಲ್ಲಿ ಹಾರಿತು. ಪರೀಕ್ಷೆಗಳೆಲ್ಲ ಮುಗಿದ ಮೇಲೆ ಕಾರ್ಖಾನೆಯಲ್ಲಿ ಒಂದಾದ ಮೇಲೊಂದರಂತೆ ಎಚ್.ಟಿ.-೨ ವಿಮಾನಗಳು ತಯಾರಾಗತೊಡಗಿದವು. ಒಟ್ಟು ಸುಮಾರು ೧೭೦ ವಿಮಾನಗಳು ಹೊರಬಂದವು. ವಾಯುಪಡೆಯ ತರಬೇತಿ ಶಾಲೆಗಳಲ್ಲಿ ಅವು ಟೈಗರ್ ಮಾತ್‌ನ ಸ್ಥಾನವನ್ನು ಪಡೆದವು. ಸುಮಾರು ಮೂರು ದಶಕಗಳ ಕಾಲ ನಮ್ಮ ಎಷ್ಟೋ ವೈಮಾನಿಕರು ಆಕಾಶದ ಮೊದಲ ಪಾಠವನ್ನು ಅದರಲ್ಲಿಯೇ ಕಲಿತರು. ಆಫ್ರಿಕಾದಲ್ಲಿ ಹೊಸದಾಗಿ ಸ್ವತಂತ್ರವಾಗಿದ್ದ ಘಾನಾ ದೇಶವು ತನ್ನ ವಾಯುಪಡೆಗಾಗಿ ೧೨ ವಿಮಾನಗಳನ್ನು ಕೊಂಡಿತು. ನಿನ್ನೆಯವರೆಗೆ ಪರರಿಂದ ಕೊಳ್ಳುತ್ತಿದ್ದ ನಾಡು ಇಂದು ಮತ್ತೊಂದು ನಾಡಿಗೆ ವಿಮಾನವನ್ನು ಮಾರಿತು.

ಒಂದು ಗೆಲುವಿನೊಂದಿಗೆ ಘಾಟಗೆಯವರು ವಿಶ್ರಮಿಸಲಿಲ್ಲ. ಸೈನ್ಯಕ್ಕೆ ಮಾತ್ರವಲ್ಲದೆ ನಾಗರಿಕರಿಗೂ ಹಗುರ ವಿಮಾನಗಳು ಬೇಕಾಗಿದ್ದವು. ಊರೂರುಗಳಲ್ಲಿದ್ದ ಹಾರಾಟದ ಕ್ಲಬ್ಬುಗಳಲ್ಲಿ ತರುಣರು ಕಲಿಯಲು ಅಗ್ಗದ, ಸರಳವಾದ ವಿಮಾನಗಳಿರಲಿಲ್ಲ. ಈ ಕೊರತೆಯನ್ನು ತುಂಬಲು ಪುಷ್ಪಕ್ ಹುಟ್ಟಿತು. ರಾಮಾಯಣದ ಪುಷ್ಪಕ ವಿಮಾನವನ್ನು ನೆನಪಿಗೆ ತರುವ ಹೆಸರು. ೧೯೫೮ರ ಸೆಪ್ಟೆಂಬರ್ ೨೮ರಂದು ಅದು ಮೊದಲ ಬಾರಿಗೆ ಹಾರಿತು. ರೆಕ್ಕೆ ತಲೆಯ ಮೇಲ್ಭಾಗದಲ್ಲಿ. ಚಾಲಕನಿಗೆ ಕೆಳಗಿನ ನೆಲ ನಿಚ್ಚಳವಾಗಿ ಕಾಣಿಸುತ್ತದೆ. ಇಬ್ಬರು ಅಕ್ಕಪಕ್ಕದಲ್ಲಿ ಕೂಡಬಹುದು. ಎಂಜಿನ್ ೯೦ ಅಶ್ವಶಕ್ತಿಯದು. ಅಮೆರಿಕದ ಏರಾಂಕಾ ಎಂಬ ಹಗುರ ವಿಮಾನದ ಮಾದರಿಯನ್ನು ಆಧಾರವಾಗಿಟ್ಟುಕೊಂಡು ಅದನ್ನು ರೂಪಿಸಲಾಗಿತ್ತು. ಅಂಥ ವಿಮಾನಗಳು ೧೫೦ಕ್ಕೂ ಹೆಚ್ಚು ತಯಾರಾಗಿ ದೇಶದ ಹಾರಾಟದ ಕ್ಲಬ್ಬುಗಳಿಗೆ ಹೋದವು.

ಪುಷ್ಪಕ್ ಹಾರಿದ ಮರುವರ್ಷವೇ, ೧೯೫೯ರ ನವೆಂಬರಿನಲ್ಲಿ, ಅದರ ಹಿರಿಯಣ್ಣನಂತೆ ಕೃಷಕ್ ಹಾರಿತು. ವಿಮಾನಗಳಲ್ಲಿಯೂ ಮನೆತನಗಳಿರುತ್ತವೆ. ಒಂದು ಒಳ್ಳೆಯ ವಿನ್ಯಾಸ ಕೈಗೆ ಬಂದರೆ ಅದರ ಒಡಲನ್ನು ತುಸು ಹಿಗ್ಗಿಸಿ, ಬಲವಾದ ಎಂಜಿನ್ನನ್ನು ಕೂಡಿಸಿ, ಮತ್ತೊಂದು ಕೆಲಸಕ್ಕೆ ಒದಗುವಂತೆ ಮಾಡಬಹುದು. ಎಲ್ಲವನ್ನೂ ಮೊದಲಿನಿಂದ ಆರಂಭಿಸಬೇಕಾಗಿಲ್ಲ. ಪುಷ್ಪಕ್‌ನಿಂದ ಬೆಳೆದ ಕೃಷಕ್ ನಾಲ್ವರು ಕೂಡಬಹುದಾದ, ೨೨೫ ಅಶ್ವಶಕ್ತಿಯ ವಿಮಾನವಾಯಿತು.

ಕೃಷಕ್‌ನ ಕಥೆ ಸ್ವಾರಸ್ಯವಾದುದು. ಹಲವು ಬಗೆಯ ನಾಗರಿಕ ಕೆಲಸಗಳಿಗೆ ಒದಗಲೆಂದು ಮಾಡಿದ ಈ ವಿಮಾನವನ್ನು ಕೊಳ್ಳಲು ಆರಂಭದಲ್ಲಿ ಯಾರೂ ಹೆಚ್ಚು ಆಸಕ್ತಿ ತೋರಲಿಲ್ಲ. ಎರಡು ಮಾದರಿಗಳು ಹಾರಿದ ಮೇಲೆ ಕೆಲಸ ಅಲ್ಲಿಗೇ ನಿಂತಿತು. ಕೆಲವು ವರ್ಷಗಳ ತರುವಾಯ ಸೈನ್ಯಕ್ಕೆ ತನ್ನ ಫಿರಂಗಿ ದಳದ ನೆರವಿಗಾಗಿ ಹಗುರ ವಿಮಾನ ಬೇಕಾಯಿತು. ಫಿರಂಗಿಯ ಗುಂಡು ಎಲ್ಲಿ ಬೀಳುತ್ತಿದೆ ಎಂಬುದು ನೆಲದ ಮೇಲಿರುವವರಿಗೆ ಕಾಣುವುದಿಲ್ಲ. ಮೇಲೆ ನಿಧಾನವಾಗಿ ಹಾರುವವನಿಗೆ ಕಾಣುತ್ತದೆ. ತಗ್ಗಿನಲ್ಲಿ, ನಿಧಾನವಾಗಿ, ಪುಟ್ಟ ಬಯಲಿನಿಂದಲೂ ಏರಬಲ್ಲ ಕೃಷಕ್ ಈ ಕೆಲಸಕ್ಕೆ ಹೇಳಿಮಾಡಿಸಿದಂತಿತ್ತು. ಹೀಗೆ ಬೇಸಾಯಗಾರನ ಹೆಸರನ್ನು ಹೊತ್ತ ವಿಮಾನ ೧೯೬೫ರಿಂದ ಸೈನಿಕನ ಕೆಲಸಕ್ಕೆ ನಿಂತಿತು. ಸುಮಾರು ೭೦ ವಿಮಾನಗಳು ತಯಾರಾದವು. ೧೯೭೦ರ ದಶಕದಲ್ಲಿ ಆ ಕೆಲಸವನ್ನು ಹೆಲಿಕಾಪ್ಟರುಗಳು ವಹಿಸಿಕೊಂಡವು. ಒಳ್ಳೆಯ ಕೆಲಸ ಎಂದೂ ವ್ಯರ್ಥವಾಗದು. ಅದಕ್ಕೆ ಕಾಲ ಕೂಡಿಬರಬೇಕಷ್ಟೆ ಎಂಬುದಕ್ಕೆ ಕೃಷಕ್ ಸಾಕ್ಷಿ.

ಚಿಕ್ಕ ವಿಮಾನಗಳಲ್ಲಿ ಪಳಗಿದ ಕೈಗಳು ಈಗ ದೊಡ್ಡದಕ್ಕೆ ಸಿದ್ಧವಾಗಿದ್ದವು. ೧೯೫೬ರಲ್ಲಿ ಜರ್ಮನಿಯ ಪ್ರಸಿದ್ಧ ವಿನ್ಯಾಸಕ ಕುರ್ಟ್ ಟ್ಯಾಂಕ್ ಅವರು ಬೆಂಗಳೂರಿಗೆ ಬಂದರು. ಅವರ ನೇತೃತ್ವದಲ್ಲಿ ಮರುತ್ ಎಂಬ ಜೆಟ್ ಯುದ್ಧವಿಮಾನ ರೂಪುಗೊಂಡು ೧೯೬೧ರ ಜೂನ್ ೧೭ರಂದು ಹಾರಿತು. ಎಚ್.ಟಿ.-೨ರ ಅನುಭವದಲ್ಲಿ ಬೆಳೆದ ತಂಡ ಇಲ್ಲದಿದ್ದರೆ ಆ ಕಾರ್ಯ ಸುಲಭವಾಗುತ್ತಿರಲಿಲ್ಲ. ಇತ್ತ ಘಾಟಗೆಯವರ ಮಾರ್ಗದರ್ಶನದಲ್ಲಿ ಕಿರಣ್ ಎಂಬ ಜೆಟ್ ತರಬೇತಿ ವಿಮಾನ ಸಿದ್ಧವಾಯಿತು. ೧೯೬೪ರ ಸೆಪ್ಟೆಂಬರ್ ೪ರಂದು ಅದು ಮೊದಲ ಬಾರಿಗೆ ಹಾರಿತು. ಮುಂದೆ ೧೯೯೬ರಲ್ಲಿ ಆರಂಭವಾದ ವಾಯುಪಡೆಯ ಸೂರ್ಯಕಿರಣ್ ತಂಡ ಅನೇಕ ವರ್ಷಗಳ ಕಾಲ ಆಕಾಶದಲ್ಲಿ ಚಿತ್ತಾರಗಳನ್ನು ಬಿಡಿಸಿದ್ದು ಈ ಕಿರಣ್ ವಿಮಾನಗಳಲ್ಲಿಯೇ. ಘಾಟಗೆಯವರ ಸೇವೆಯನ್ನು ಮನ್ನಿಸಿ ಭಾರತ ಸರ್ಕಾರ ೧೯೬೫ರಲ್ಲಿ ಅವರಿಗೆ ಪದ್ಮಶ್ರೀ ಪ್ರಶಸ್ತಿಯನ್ನು ನೀಡಿತು.

ಅವರು ಬೆಳೆಸಿದ ಸಂಸ್ಥೆ ೧೯೬೪ರಲ್ಲಿ ಹಿಂದೂಸ್ಥಾನ್ ಏರೋನಾಟಿಕ್ಸ್ ಎಂಬ ಹೊಸ ಹೆಸರನ್ನು ಪಡೆದು ವಿಸ್ತಾರವಾಯಿತು. ಹಗುರ ವಿಮಾನಗಳ ಪರಂಪರೆಯೂ ಮುಂದುವರಿಯಿತು. ಕೃಷಕ್ ತನ್ನ ಹೆಸರಿಗೆ ತಕ್ಕ ಕೆಲಸವನ್ನು ಮಾಡಲಾಗಲಿಲ್ಲವಲ್ಲ. ಅದನ್ನು ಮಾಡಲು ಬಸಂತ್ ಬಂದಿತು. ಬೆಳೆಗಳ ಮೇಲೆ ಔಷಧಿಯನ್ನು ಸಿಂಪಡಿಸಲೆಂದೇ ರೂಪಿಸಿದ, ಒಬ್ಬನೇ ಕುಳಿತು ಹಾರಿಸುವ ವಿಮಾನ ಅದು. ಅದರ ಸುಧಾರಿತ ರೂಪ ೧೯೭೨ರ ಮಾರ್ಚಿಯಲ್ಲಿ ಹಾರಿತು. ಸುಮಾರು ೪೦ ವಿಮಾನಗಳು ತಯಾರಾದ ಮೇಲೆ ೧೯೮೦ರ ಹೊತ್ತಿಗೆ ಅದರ ತಯಾರಿಕೆ ನಿಂತಿತು. ಎಚ್.ಟಿ.-೨ರ ಸ್ಥಾನವನ್ನು ತುಂಬಲು ದೀಪಕ್ ಎಂಬ ತರಬೇತಿ ವಿಮಾನ ೧೯೭೭ರ ಜನವರಿಯಲ್ಲಿ ಹಾರಿತು. ಬೆಂಗಳೂರಿನ ರಾಷ್ಟ್ರೀಯ ವೈಮಾಂತರಿಕ್ಷ ಪ್ರಯೋಗಾಲಯವು ೧೯೯೩ರಲ್ಲಿ ಹನ್ಸ ಎಂಬ ಇಬ್ಬರು ಕೂಡುವ ವಿಮಾನವನ್ನು ಹಾರಿಸಿತು. ೨೦೧೬ರ ಮೇ ೩೧ರಂದು ಎಚ್.ಟಿ.ಟಿ.-೪೦ ಎಂಬ ಹೊಸ ತರಬೇತಿ ವಿಮಾನ ಹಾರಿತು. ಅದರ ಹೆಸರಿನಲ್ಲಿಯೇ ಹಳೆಯ ಎಚ್.ಟಿ.-೨ರ ನೆನಪಿದೆ.

ಈ ದಾರಿ ಉದ್ದಕ್ಕೂ ಹೂವಿನದಾಗಿತ್ತೆಂದು ಹೇಳಲಾಗದು. ಒಂದು ವಿಮಾನಕ್ಕೂ ಇನ್ನೊಂದಕ್ಕೂ ನಡುವೆ ಎಷ್ಟೋ ಬಾರಿ ದೀರ್ಘವಾದ ಬಿಡುವು ಬಿದ್ದಿತು. ಪುಷ್ಪಕ್‌ನಂತಹ ಅಗ್ಗದ ವಿಮಾನಗಳ ತಯಾರಿಕೆ ನಿಂತ ಮೇಲೆ ಹಾರಾಟದ ಕ್ಲಬ್ಬುಗಳು ಮತ್ತೆ ಪರದೇಶದ ವಿಮಾನಗಳ ಕಡೆಗೆ ನೋಡಬೇಕಾಯಿತು. ವಿಮಾನದ ಒಡಲನ್ನು ಕಟ್ಟಲು ಕಲಿತ ನಾವು ಅದರ ಹೃದಯವಾದ ಎಂಜಿನ್ನಿಗಾಗಿ ಇನ್ನೂ ಬಹುಮಟ್ಟಿಗೆ ಹೊರಗಿನವರನ್ನೇ ಅವಲಂಬಿಸಿದ್ದೇವೆ. ಘಾಟಗೆಯವರು ಅರ್ಧ ದಾರಿಯನ್ನು ನಡೆದು ತೋರಿಸಿದರು. ಉಳಿದ ಅರ್ಧ ಮುಂದಿನ ತಲೆಮಾರಿಗೆ ಬಿಟ್ಟ ಸಾಲ.

ಘಾಟಗೆಯವರು ೧೯೯೧ರಲ್ಲಿ ತೀರಿಕೊಂಡರು. ಬೆಂಗಳೂರಿನ ಎಚ್.ಎ.ಎಲ್. ಪ್ರದೇಶದಲ್ಲಿ ಅವರ ಹೆಸರಿನ ಸಭಾಭವನವಿದೆ. ಅಲ್ಲಿಯೇ ಇರುವ ವಿಮಾನ ವಸ್ತುಸಂಗ್ರಹಾಲಯದಲ್ಲಿ ಹಳೆಯ ವಿಮಾನಗಳನ್ನು ನಿಲ್ಲಿಸಿದ್ದಾರೆ. ಪ್ರವಾಸಕ್ಕೆಂದು ಬಂದ ಶಾಲಾಮಕ್ಕಳು ಅವುಗಳ ರೆಕ್ಕೆಯ ನೆರಳಿನಲ್ಲಿ ನಿಂತು ಬೆರಗಿನಿಂದ ನೋಡುತ್ತಾರೆ. ವಿಮಾನವನ್ನು ಹಾರಿಸಿದವರ ಹೆಸರು ಜನರ ಬಾಯಲ್ಲಿ ನಿಲ್ಲುತ್ತದೆ. ನಕ್ಷೆಯ ಮೇಲೆ ಬಾಗಿ ಕುಳಿತು ವರ್ಷಗಟ್ಟಲೆ ಲೆಕ್ಕ ಹಾಕಿದವರ ಹೆಸರು ಹಾಗೆ ನಿಲ್ಲುವುದು ವಿರಳ. ಘಾಟಗೆಯವರು ಆ ಎರಡನೆಯ ಸಾಲಿಗೆ ಸೇರಿದವರು.

ಸೊಕ್ಕೆಯಂಥ ಊರುಗಳಲ್ಲಿ ಇಂದು ರೈತರು ಬೆಳೆಗೆ ಔಷಧಿ ಸಿಂಪಡಿಸುವ ಡ್ರೋನ್‌ಗಳ ಮಾತನ್ನಾಡುತ್ತಿದ್ದಾರೆ. ಕೃಷಕ್‌ನ ಹೆಸರಿನಲ್ಲಿದ್ದ ಕನಸು, ಬಸಂತ್‌ನ ರೆಕ್ಕೆಗಳ ಮೇಲೆ ಸ್ವಲ್ಪ ಕಾಲ ಹಾರಿದ ಕನಸು, ಈಗ ಬೇರೊಂದು ರೂಪದಲ್ಲಿ ಹೊಲದ ಬದುವಿಗೆ ಬಂದಿದೆ. ಮುಂದೆ ಎಂದಾದರೂ ತಲೆಯ ಮೇಲೆ ವಿಮಾನದ ಸದ್ದು ಕೇಳಿಸಿದಾಗ ಅದು ಎಷ್ಟು ದೊಡ್ಡದು, ಎಷ್ಟು ವೇಗದ್ದು ಎಂದಷ್ಟೇ ನೋಡಬಾರದು. ಅದರ ಹಿಂದೆ ಒಂದು ಪುಟ್ಟ ವಿಮಾನ, ಅದನ್ನು ನಂಬಿ ಹತ್ತಿದ ಒಬ್ಬ ಚಾಲಕ, ತನ್ನ ಲೆಕ್ಕದಲ್ಲಿ ತಪ್ಪಿರಬಾರದೆಂದು ಮತ್ತೆ ಮತ್ತೆ ಕೂಡಿ ಕಳೆದ ಒಬ್ಬ ವಿದ್ವಾಂಸ ಇದ್ದರೆಂಬುದನ್ನು ನೆನೆಯಬೇಕು. ಸಣ್ಣದನ್ನು ಸರಿಯಾಗಿ ಮಾಡಿದವರಿಂದಲೇ ದೊಡ್ಡದು ಸಾಧ್ಯವಾಗುತ್ತದೆ.

ಅಭ್ಯಾಸ

ಅ. ಒಂದು ವಾಕ್ಯದಲ್ಲಿ ಉತ್ತರಿಸಿರಿ.
೧. ಘಾಟಗೆಯವರು ಗಟಿಂಗೆನ್‌ನಲ್ಲಿ ಯಾರ ಮಾರ್ಗದರ್ಶನದಲ್ಲಿ ಅಧ್ಯಯನ ನಡೆಸಿದರು?
೨. ಗ್ಲೈಡರ್ ಎಂದರೇನು?
೩. ಎಚ್.ಟಿ.-೨ ವಿಮಾನವನ್ನು ಮೊದಲು ಹಾರಿಸಿದವರು ಯಾರು?

ಆ. ಮೂರು ನಾಲ್ಕು ವಾಕ್ಯಗಳಲ್ಲಿ ಉತ್ತರಿಸಿರಿ.
೧. ವಿಮಾನದ ವಿನ್ಯಾಸದಲ್ಲಿ ತೂಕವು ಶತ್ರುವಾಗುವುದು ಹೇಗೆ?
೨. ತರಬೇತಿ ವಿಮಾನವನ್ನು ಒಳ್ಳೆಯ ಉಪಾಧ್ಯಾಯನಿಗೆ ಏಕೆ ಹೋಲಿಸಲಾಗಿದೆ?
೩. ಕೃಷಕ್ ವಿಮಾನ ಸೈನ್ಯಕ್ಕೆ ಸೇರಿದ ಬಗೆಯನ್ನು ವಿವರಿಸ

ಿರಿ.

ಇ. ಎಂಟು ಹತ್ತು ವಾಕ್ಯಗಳಲ್ಲಿ ಉತ್ತರಿಸಿರಿ.
೧. ದೊಡ್ಡ ವಿಮಾನಕ್ಕೆ ಬದಲಾಗಿ ಪುಟ್ಟ ವಿಮಾನದಿಂದ ಆರಂಭಿಸಿದ್ದು ವಿವೇಕದ ಹೆಜ್ಜೆ ಎಂಬುದನ್ನು ಪಾಠದ ಆಧಾರದಿಂದ ಸಮರ್ಥಿಸಿರಿ.